ನೀರು ಕುಡಿಯದ ಹಗ್ಗ

ಮೂರು ತಿಂಗಳಿಂದ ಉಗ್ರಪ್ಪ ಒಂದೇ ಮಾತು ಹೇಳಿಕೊಂಡು ಬಂದಿದ್ದ: ಹಗ್ಗ ಸವೆದಿದೆ, ಬದಲಾಯಿಸಿ. ಶಿವರಾತ್ರಿಗೆ ಮುಂಚೆ ಹೇಳಿದ. ಯುಗಾದಿ ಕಳೆದ ಮೇಲೆ ಹೇಳಿದ. ಹಗ್ಗದ ನಡುವನ್ನು ಮೇಸ್ತ್ರಿ ಚನ್ನಕೇಶವನ ಮೂಗಿನ ಕೆಳಗೇ ಹಿಡಿದು, ಎಳೆ ಬಿಡಿಸಿ, ಒಳಗಿನ ಪುಡಿ ಉದುರಿಸಿ ತೋರಿಸಿದ. ಚನ್ನಕೇಶವ "ನೋಡೋಣ ಕಣಯ್ಯ, ಸಾಹೇಬ್ರ ಕಿವೀಗೆ ಹಾಕಿದೀನಿ" ಎಂದು ಬೀಡಿ ಹಚ್ಚಿದ. ಹೇಳಿದ್ದನ್ನೇ ಹೇಳಿ ಉಗ್ರಪ್ಪನಿಗೆ ಸಾಕಾಗಿಹೋಗಿತ್ತು. ಸಿಟ್ಟು ಬರುವ ಕಾಲವೂ ದಾಟಿ, ಬರೀ ದಣಿವು ಉಳಿದಿತ್ತು.

ಸುಂಕದಕಟ್ಟೆಯ ಆಚೆ, ಮಾಗಡಿ ರಸ್ತೆಯಿಂದ ಅರ್ಧ ಮೈಲಿ ಒಳಕ್ಕೆ ಆ ಬಂಡೆ. ಐವತ್ತೇಳನೆಯ ಇಸವಿಯಲ್ಲಿ ರಾಜಾಜಿನಗರದಲ್ಲಿ ಏಳುತ್ತಿದ್ದ ಮನೆಗಳಿಗೆ ಅಲ್ಲಿಂದ ದಿನಕ್ಕೆ ನಾಲ್ಕು ಲಾರಿ ಕಲ್ಲು ಹೋಗುತ್ತಿತ್ತು. ಕಾಗದದ ಮೇಲೆ ಗೀಟು ಎಳೆದು ಇದು ಮೇನ್ ರೋಡು, ಇದು ಕ್ರಾಸು, ಇದು ಪಾರ್ಕು ಎಂದು ಬರೆದವರಿಗೆ ಕಲ್ಲು ತಾನಾಗಿ ನಡೆದುಕೊಂಡು ಬರುವುದಿಲ್ಲ, ಅದಕ್ಕಾಗಿ ಒಬ್ಬ ಮನುಷ್ಯ ಐವತ್ತು ಅಡಿ ಕಡಿದಾದ ಗೋಡೆಯಲ್ಲಿ ಜೋತಾಡಬೇಕು ಎಂಬುದು ಗೊತ್ತಿರಲಿಲ್ಲ. ಗೊತ್ತಿದ್ದರೂ ಅವರ ಗೀಟೇನೂ ಸೊಟ್ಟಗಾಗುತ್ತಿರಲಿಲ್ಲ.

ಜೋತಾಡುತ್ತಿದ್ದವನು ನಂಜುಂಡ. ಅತ್ತಿಗುಪ್ಪೆಯವನು, ಉಗ್ರಪ್ಪನ ತಂಗಿ ಚಿಕ್ಕಲಕ್ಷ್ಮಮ್ಮನ ಗಂಡ. ಸೊಂಟಕ್ಕೂ ತೊಡೆಗೂ ಹಗ್ಗ ಸುತ್ತಿಕೊಂಡು ಬಂಡೆಯ ಮುಖದಲ್ಲಿ ಇಳಿದು, ಗೋಡೆಗೆ ಕಾಲೊತ್ತಿ ನಿಂತು, ಮದ್ದು ತುಂಬುವ ಕುಳಿಗಳನ್ನು ಉಳಿ ಸುತ್ತಿಗೆಯಲ್ಲಿ ಹೊಡೆಯುವುದು ಅವನ ಕೆಲಸ. ಬಂಡೆಯ ನೆತ್ತಿಯಲ್ಲಿ ಕಲ್ಲಿಗೆ ಜಡಿದ ಕಬ್ಬಿಣದ ಗೂಟಕ್ಕೆ ಆ ಹಗ್ಗವನ್ನು ಗಂಟು ಹಾಕಿ, ಅವನು ಮೇಲೆ ಬರುವವರೆಗೆ ಗಂಟು ಕಾಯುವುದು ಉಗ್ರಪ್ಪನ ಕೆಲಸ. ಆ ಕಲ್ಲುಗಣಿಯ ಕಟ್ಟಳೆ ಹಾಗಿತ್ತು: ಇಳಿಯುವವನ ಗಂಟನ್ನು ಅವನ ಹೆಂಡತಿಯ ಅಣ್ಣನೋ ತಮ್ಮನೋ ಹಾಕಬೇಕು. ಬೇರೆಯವನ ಕೈ ತಪ್ಪಿದರೆ ಒಂದು ದಿನ ಅತ್ತು ಸುಮ್ಮನಾಗುತ್ತಾನೆ. ಅಣ್ಣನ ಕೈ ತಪ್ಪಿದರೆ ತಂಗಿ ಬರಿಗೊರಳಲ್ಲಿ ಬಂದು ಅವನ ಮನೆಯ ಜಗಲಿಯ ಮೇಲೇ ಕೂರುತ್ತಾಳೆ, ಸಾಯುವವರೆಗೆ. ಯಾವ ಪುಣ್ಯಾತ್ಮ ಮಾಡಿದ ಕಟ್ಟಳೆಯೋ, ಮನುಷ್ಯರ ಮೇಲೆ ಎಳ್ಳಷ್ಟೂ ನಂಬಿಕೆ ಇಲ್ಲದವನೇ ಮಾಡಿರಬೇಕು.

ಗಣಿಗೆ ಬರುವ ಮುಂಚೆ ಉಗ್ರಪ್ಪ ಕಪಿಲೆ ಹೊಡೆಯುತ್ತಿದ್ದ. ಎತ್ತು ಕಟ್ಟಿ ಚರ್ಮದ ಬಾನೆಯಲ್ಲಿ ಬಾವಿಯ ನೀರೆತ್ತುವ ಕೆಲಸ. ಆಮೇಲೆ ಹೊಲ ಲೇಔಟಿಗೆ ಸೇರಿತು, ಬಾವಿಯನ್ನು ಮುಚ್ಚಿದರು, ಎತ್ತು ಕೆಂಗೇರಿ ಸಂತೆಯಲ್ಲಿ ಹೋಯಿತು. ಕೈಯಲ್ಲಿ ಉಳಿದದ್ದು ಗಂಟು ಹಾಕುವ ವಿದ್ಯೆ. ಕಲ್ಲು ಎಳೆಯುವುದಕ್ಕೆ ಒಂದು ಗಂಟು, ಲಾರಿಯ ಹೊರೆಗೆ ಒಂದು, ಎರಡು ಹಗ್ಗ ಕೂಡಿಸುವುದಕ್ಕೆ ಒಂದು. ಮನುಷ್ಯನನ್ನು ಇಳಿಸುವುದಕ್ಕೆ ಮಾತ್ರ ಯಾವತ್ತೂ ಕೊರಳುಗಂಟು. ಎತ್ತಿನ ಕೊರಳಿಗೆ ಹಾಕುವುದು ಅದನ್ನೇ. ಎಷ್ಟು ಜಗ್ಗಿದರೂ ಕುಣಿಕೆ ಬಿಗಿಯುವುದಿಲ್ಲ, ತಾನಾಗಿ ಬಿಚ್ಚಿಕೊಳ್ಳುವುದೂ ಇಲ್ಲ. ಸಂಜೆಗೆ ಎರಡು ಬೆರಳಲ್ಲಿ ಬಿಚ್ಚಬಹುದು. ಹಾಕಿದ ಮೇಲೆ ಗಂಟಿಗೆ ಒಂದು ಚೊಂಬು ನೀರು. ಪುಂಡಿ ನಾರು ನೀರು ಕುಡಿದು ಊದಿಕೊಂಡು, ಗಂಟಿನೊಳಗೆ ಎಳೆ ಎಳೆಯನ್ನು ಕಚ್ಚಿ ಹಿಡಿಯುತ್ತದೆ. ಕಪಿಲೆಯ ಕಾಲದಿಂದ ಬಂದದ್ದು ಅದು. "ಕುಡೀತಾ?" ಎಂದು ಇಳಿಯುವವನು ಕೇಳಬೇಕು, "ಕುಡೀತು" ಎಂದು ಮೇಲಿನವನು ಹೇಳಬೇಕು, ಆಮೇಲೆಯೇ ಕಾಲು ಅಂಚು ದಾಟಬೇಕು. ಎಂಟು ವರ್ಷ ಹೀಗೇ ನಡೆದಿತ್ತು. ಎಂಟು ವರ್ಷದಲ್ಲಿ ಉಗ್ರಪ್ಪನ ಒಂದು ಗಂಟೂ ತಪ್ಪಿರಲಿಲ್ಲ.

ಆ ಸೋಮವಾರ ಬೆಳಿಗ್ಗೆ ಅವನು ಗಣಿಗೆ ಬಂದಾಗ ಹೊಸ ಹಗ್ಗ ಬಂದಿತ್ತು.

ಬಿಳಿ ಹಗ್ಗ. ಹಾಲಿನಂಥ ಬಿಳಿ, ಮೇಲೆ ಒಂದು ಹೊಳಪು. ಚನ್ನಕೇಶವ ಅದನ್ನು ಭುಜದ ಮೇಲೆ ಹಾಕಿಕೊಂಡು ಮದುವೆ ಗಂಡಿನ ಹಾಗೆ ನಿಂತಿದ್ದ.

"ಹಗ್ಗ ಹಗ್ಗ ಅಂತ ಪ್ರಾಣ ತಿಂತಿದ್ಯಲ್ಲ, ತಗೋ. ಮಿಲಿಟರಿ ಡಿಸ್ಪೋಸಲ್ ಮಾಲು. ನೈಲಾನ್ ಅಂತಾರೆ ಇದಕ್ಕೆ. ಯುದ್ಧದಲ್ಲಿ ಇದನ್ನ ಇಟ್ಕೊಂಡು ಏರೋಪ್ಲೇನ್ ಎಳೀತಿದ್ರಂತೆ ಕಣಯ್ಯ."

"ನಮ್ ನಂಜುಂಡ ಏರೋಪ್ಲೇನ್ ಅಲ್ವಲ್ಲ ಮೇಸ್ತ್ರಿ" ಎಂದಳು ಲಿಂಗಮ್ಮ. ಜಲ್ಲಿ ಒಡೆಯುವ ಹೆಂಗಸರಲ್ಲಿ ಅವಳೇ ಹಿರಿಯಳು. ಅವಳ ಬಾಯಿಗೆ ಚನ್ನಕೇಶವನೂ ಹೆದರುತ್ತಿದ್ದ. "ಅವನಿಗೆ ರೆಕ್ಕೆ ಇಲ್ಲ."

ಹೆಂಗಸರು ನಕ್ಕರು. ಚಿಕ್ಕಲಕ್ಷ್ಮಮ್ಮನೂ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು.

ಉಗ್ರಪ್ಪ ಹಗ್ಗದ ತುದಿ ಹಿಡಿದು ಹೆಬ್ಬೆರಳಲ್ಲಿ ಉಜ್ಜಿದ. ಒಂದು ಎಳೆಯೂ ಎದ್ದಿರಲಿಲ್ಲ. ಕೈಗೆ ಚುಚ್ಚಲಿಲ್ಲ. ಎಂಟು ವರ್ಷದಿಂದ ಅಂಗೈಯನ್ನು ಗರಗಸದ ಹಾಗೆ ಮಾಡಿದ್ದ ಪುಂಡಿ ಹಗ್ಗದ ಮುಂದೆ ಇದು ಎಣ್ಣೆ ಹಚ್ಚಿದ ಹಾವಿನಂತೆ ಜಾರುತ್ತಿತ್ತು. ಮೂಸಿ ನೋಡಿದ. ವಾಸನೆಯೂ ಇಲ್ಲ.

"ಯಾವ ನಾರು ಇದು?"

"ನಾರಲ್ಲಯ್ಯ. ಫ್ಯಾಕ್ಟರೀಲಿ ಮಾಡೋದು. ಆನೆ ಕಟ್ಟಿದ್ರೂ ಹರಿಯಲ್ಲ."

"ಹರಿಯಲ್ಲ ಸರಿ. ಹಿಡಿಯುತ್ತಾ?"

"ಅದಕ್ಕೆ ನೀನಿರೋದು" ಎಂದ ಚನ್ನಕೇಶವ. "ಹಳೇದು ಕೊಟ್ರೆ ಸವೆದಿದೆ ಅಂತೀಯ, ಹೊಸದು ಕೊಟ್ರೆ ಜಾರುತ್ತೆ ಅಂತೀಯ. ನಿಂಗೆ ಕೆಲ್ಸ ಬೇಕೋ ಬೇಡ್ವೋ ಅದು ಹೇಳು. ನಾಲ್ಕು ಗಂಟೆಗೆ ಮದ್ದು ಹಾರಿಸ್ಬೇಕು, ಆರು ಕುಳಿ ಬಾಕಿ ಇದೆ."

ಮೂರು ತಿಂಗಳು ಬೇಡಿದವನು, ಬೇಡಿದ್ದು ಕೈಗೆ ಬಂದ ದಿನ ಬೇಡ ಎನ್ನುವುದು ಹೇಗೆ? ಉಗ್ರಪ್ಪನಿಗೆ ವಾದಿಸುವ ತ್ರಾಣವಿರಲಿಲ್ಲ. ಅಳತೆಗೆ ಎಂದು ಚನ್ನಕೇಶವ ಹಳೆಯ ಹಗ್ಗವನ್ನು ನೆಲದ ಮೇಲೆ ಹಾಸಿ, ಸರಿಯಾಗಿ ಅಷ್ಟೇ ಉದ್ದಕ್ಕೆ ಹೊಸದನ್ನು ಕತ್ತರಿಸಿದ. ಒಂದು ಗೇಣು ಹೆಚ್ಚಿಲ್ಲ. ಉಳಿದ ಸುರುಳಿಯನ್ನು ಶೆಡ್ಡಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಜನಿವಾರದ ಹಾಗೆ ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡ. ಹಳೆಯ ಹಗ್ಗದ ಹುರಿ ಬಿಚ್ಚಿಸಿ ಮೂರು ತೆಳು ಹಗ್ಗ ಮಾಡಿಸಿದ. ಕೆಳಗೆ ನಿಂತಿದ್ದ ಲಾರಿಗೆ ಕಲ್ಲು ತುಂಬಿಯಾಗಿತ್ತು. ಹೊರೆ ಬಿಗಿಯಲು ಅವು ಹೋದವು.

ಉಗ್ರಪ್ಪ ನೆತ್ತಿಗೆ ಹೋಗಿ ಕೊರಳುಗಂಟು ಹಾಕಿದ. ಕೈ ತಾನಾಗಿ ಹಾಕಿತು. ಗೂಟದ ಹಿಂದಿನಿಂದ ತಂದು, ಸಣ್ಣ ಕುಣಿಕೆಯೊಳಗೆ ತೂರಿಸಿ, ಹಗ್ಗದ ಬೆನ್ನು ಬಳಸಿ, ಬಂದ ಕುಣಿಕೆಯೊಳಗೇ ಮತ್ತೆ ಇಳಿಸಿ ಜಗ್ಗಿದ. ಗಂಟಿನಾಚೆ ಬಾಲ ನಾಲ್ಕು ಬೆರಳು ಉಳಿಯಿತು. ಪುಂಡಿ ಹಗ್ಗದಲ್ಲೂ ನಾಲ್ಕೇ ಬೆರಳು ಉಳಿಯುತ್ತಿದ್ದದ್ದು. ವಾಡಿಕೆಯಂತೆ ಮೊದಲು ತಾನೇ ಹಗ್ಗ ಹಿಡಿದು ಅಂಚಿನಲ್ಲಿ ಹಿಂದಕ್ಕೆ ವಾಲಿ, ಮೈಯ ಭಾರವನ್ನೆಲ್ಲ ಬಿಟ್ಟು ನೋಡಿದ. ಗಂಟು ಹಿಡಿಯಿತು. ಮಡಕೆಯಿಂದ ಚೊಂಬು ತುಂಬಿಸಿ ಗಂಟಿನ ಮೇಲೆ ಸುರಿದ. ನೀರು ಹಗ್ಗದ ಮೇಲೆ ಮಣಿಮಣಿಯಾಗಿ ನಿಂತು, ಉರುಳಿ, ಕಲ್ಲಿನ ಮೇಲೆ ಹರಿದು ಹೋಯಿತು.

ನಂಜುಂಡ ಸೊಂಟದ ಹಗ್ಗ ಬಿಗಿದುಕೊಂಡು, ಉಳಿಗಳನ್ನು ಬೆನ್ನಿನ ಚೀಲಕ್ಕೆ ಹಾಕಿಕೊಂಡು ಅಂಚಿಗೆ ಬಂದ. ನಗುಮುಖದ ಆಸಾಮಿ.

"ಏನ್ ಭಾವ, ಹೊಸ ಹೆಂಡ್ತಿ ಥರ ಮುಟ್ಟಿ ಮುಟ್ಟಿ ನೋಡ್ತಿದೀಯ. ಕುಡೀತಾ?"

ಉಗ್ರಪ್ಪ ಗಂಟು ನೋಡಿದ. ಒದ್ದೆಯಾಗಿತ್ತು. ಒದ್ದೆಯಾದದ್ದಕ್ಕೂ ಕುಡಿದದ್ದಕ್ಕೂ ನಡುವೆ ಏನೋ ಇದೆ ಅನ್ನಿಸಿತು. ಆದರೆ ಆ ಮಾತನ್ನು ಹೇಗೆ ಹೇಳುವುದು ಎಂದು ತಿಳಿಯಲಿಲ್ಲ, ಬಿಸಿಲು ಏರುತ್ತಿತ್ತು, ಕೆಳಗಿನಿಂದ ಚನ್ನಕೇಶವ ಕೂಗುತ್ತಿದ್ದ.

"ಕುಡೀತು" ಎಂದ.

ನಂಜುಂಡ ಇಳಿದ.

ಮೂವತ್ತು ಅಡಿ ಕೆಳಗೆ ಅವನ ಸುತ್ತಿಗೆ ಶುರುವಾಯಿತು. ಒಂದು ಏಟು, ಉಳಿ ತಿರುಗಿಸಲು ಒಂದು ಕ್ಷಣ, ಮತ್ತೊಂದು ಏಟು. ಏಟಿಗೊಮ್ಮೆ ನಂಜುಂಡನ ಮೈ ಕುಲುಕುತ್ತದೆ, ಮೈ ಕುಲುಕಿದರೆ ಹಗ್ಗ ಮಿಡಿಯುತ್ತದೆ, ಹಗ್ಗ ಮಿಡಿದರೆ ಗಂಟು ಉಸಿರಾಡುತ್ತದೆ. ಉಗ್ರಪ್ಪ ಗೂಟದ ಪಕ್ಕ ಕುಕ್ಕರಗಾಲಲ್ಲಿ ಕುಳಿತ. ರಾತ್ರಿ ನಿದ್ದೆ ಸರಿಯಿರಲಿಲ್ಲ. ನಿದ್ದೆ ಸರಿಯಿದ್ದ ರಾತ್ರಿ ಯಾವುದು ಎಂದು ಕೇಳಿದ್ದರೆ ಅದೂ ಅವನಿಗೆ ನೆನಪಿರಲಿಲ್ಲ. ಮೊದಲ ಕುಳಿ ಮುಗಿಯಿತು. ಎರಡನೆಯದು ಅರ್ಧಕ್ಕೆ ಬಂತು.

ಆಗ ಬಾಲದ ಮೇಲೆ ಕಣ್ಣು ಬಿತ್ತು. ನಾಲ್ಕು ಬೆರಳು ಇದ್ದದ್ದು ಮೂರಾಗಿತ್ತು.

ತಾನೇ ಸರಿಯಾಗಿ ಅಳೆದಿರಲಿಲ್ಲವೇನೋ ಎಂದುಕೊಂಡು ಬೆರಳಿಟ್ಟು ನೋಡಿದ. ಮೂರು. ಮೂರಕ್ಕೂ ಒಂದು ಚೂರು ಕಮ್ಮಿ. ಬೆರಳು ಇಟ್ಟೇ ಇದ್ದ. ಟಣ್ ಎಂದು ಏಟು ಬಿತ್ತು. ಬಾಲದ ತುದಿ ಬೆರಳಿನ ಅಡಿಯಲ್ಲಿ ಕೂದಲೆಳೆಯಷ್ಟು ಸರಿಯಿತು.

ಗಂಟು ಜಾರುತ್ತಿತ್ತು.

ಆಗಲೇ ಕೂಗಬೇಕಿತ್ತು. ಬಾಯಿ ತೆರೆದಿದ್ದೂ ಹೌದು. ಆದರೆ ಕೆಳಗೆ ಹನ್ನೆರಡು ಹೆಂಗಸರು, ಲಾರಿಯ ಏಳೆಂಟು ಆಳುಗಳು, ಚನ್ನಕೇಶವ. ಉಗ್ರಪ್ಪನ ಗಂಟು ಜಾರ್ತಿದೆ ಎಂದು ಅಷ್ಟು ಜನರ ಮುಂದೆ ತಾನೇ ಕೂಗಬೇಕು. ಹೊಲ ಹೋದವನಿಗೆ, ಎತ್ತು ಹೋದವನಿಗೆ ಇದ್ದದ್ದು ಇದೊಂದೇ ಹೆಸರು. ಗಂಟು ಸಡಿಲವಾದರೆ ಏನು ಮಾಡಬೇಕು ಎಂಬುದು ಅವನಿಗೆ ಮೂವತ್ತು ವರ್ಷದಿಂದ ಗೊತ್ತಿದ್ದ ವಿಷಯ. ಒಣಗಿದ ಗಂಟು ಸಡಿಲವಾಗುತ್ತದೆ. ನೀರು ಕುಡಿಸಿದರೆ ಬಿಗಿಯುತ್ತದೆ. ಚೊಂಬು ತೆಗೆದುಕೊಂಡ. ತುಂಬಿಸಿದ. ಗಂಟಿನ ಸಂದುಸಂದಿಗೂ ಇಳಿಯುವ ಹಾಗೆ ನಿಧಾನವಾಗಿ ಸುರಿದ.

ಮುಂದಿನ ಏಟಿಗೆ ಬಾಲ ಕೂದಲೆಳೆಯಷ್ಟಲ್ಲ, ಅಕ್ಕಿಕಾಳಿನಷ್ಟು ಸರಿಯಿತು. ಅದರ ಮುಂದಿನದಕ್ಕೆ ಇನ್ನೊಂದು ಅಕ್ಕಿಕಾಳು.

ಉಗ್ರಪ್ಪ ಒದ್ದೆ ಹಗ್ಗವನ್ನು ಎರಡು ಬೆರಳಲ್ಲಿ ಹಿಡಿದ. ಒಣಗಿದ್ದಾಗ ಜಾರುತ್ತಿದ್ದದ್ದು ಈಗ ಲೋಳೆಯಂತಾಗಿತ್ತು. ಈ ಹಗ್ಗ ನೀರು ಕುಡಿಯುವುದಿಲ್ಲ. ಕುಡಿಯದ ನೀರು ಎಳೆಗೂ ಎಳೆಗೂ ನಡುವೆ ನಿಂತು ಎಣ್ಣೆಯ ಕೆಲಸ ಮಾಡುತ್ತಿದೆ. ಬೆಳಿಗ್ಗೆ ತಾನು ಸುರಿದದ್ದೂ ಅದನ್ನೇ ಮಾಡಿತ್ತು. ಇದೆಲ್ಲ ಒಂದೇ ಸಲ ತಲೆಗೆ ಹೊಳೆಯಿತು. 

ಬಾಲ ಎರಡು ಬೆರಳು.

ಹಗ್ಗವನ್ನು ಎರಡು ಸಲ ಜಗ್ಗಿದರೆ 'ಮೇಲೆ ಬಾ' ಎಂದರ್ಥ. ಜಗ್ಗಿದರೆ ಗಂಟೇ ಬಿಚ್ಚಿಕೊಳ್ಳುತ್ತದೆ. ಭಾರ ಜೋತಿರುವಾಗ ಗಂಟನ್ನು ಮತ್ತೆ ಹಾಕುವ ಹಾಗೂ ಇಲ್ಲ. ಉಗ್ರಪ್ಪ ಹೆಗಲ ಮೇಲಿದ್ದ ಹತ್ತಿಯ ಟವೆಲನ್ನು ಸೆಳೆದು, ಗಂಟಿಗಿಂತ ಒಂದು ಮಾರು ಮುಂದೆ ಹಗ್ಗಕ್ಕೆ ಸುತ್ತಿ ಸುತ್ತಿ ಬಿಗಿದು, ಎರಡೂ ತುದಿಯನ್ನು ಮುಷ್ಟಿಯಲ್ಲಿ ಹಿಡಿದು, ಗೂಟಕ್ಕೆ ಕಾಲು ಕೊಟ್ಟು ಹಿಂದಕ್ಕೆ ಒರಗಿದ. ಭಾರ ಸ್ವಲ್ಪ ಅವನ ತೋಳಿಗೆ ಬಂತು. ಹಳೆಯ ಟವೆಲು. ಎಲ್ಲೋ ಒಂದು ಕಡೆ ಚರ್ರೆಂದಿತು.

ಈಗ ಕೂಗಿದ. ಮರ್ಯಾದೆ ಇಲ್ಲ, ಗಿರ್ಯಾದೆ ಇಲ್ಲ, ಗಂಟಲು ಹರಿಯುವ ಹಾಗೆ ಕೂಗಿದ.

"ಚಿಕ್ಕೀ! ಏ ಚಿಕ್ಕೀ! ಸುತ್ತಿಗೆ ನಿಲ್ಸು ಅವನ್ದು! ಗಂಟು ಜಾರ್ತಿದೆ! ನನ್ ಗಂಟು ಜಾರ್ತಿದೆ!"

ಉಳಿಯ ಸದ್ದಿನಲ್ಲಿ ನಂಜುಂಡನಿಗೆ ಅದು ಕೇಳಲಿಲ್ಲ. ಕೆಳಗಿದ್ದ ಚಿಕ್ಕಲಕ್ಷ್ಮಮ್ಮನಿಗೆ ಕೇಳಿತು. ಅವಳು ಅಳಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಜಲ್ಲಿಯ ಬಾಣಲೆ ಎತ್ತಿಕೊಂಡು ಗಂಡನಿಗೆ ಕಾಣುವ ಜಾಗಕ್ಕೆ ಓಡಿ, ಸುತ್ತಿಗೆಯಲ್ಲಿ ಬಾಣಲೆಯನ್ನು ದಡಬಡ ಬಾರಿಸಿದಳು. ನಂಜುಂಡ ಕೆಳಗೆ ನೋಡಿದ. ಅವಳು ಎರಡೂ ಕೈ ಅಡ್ಡ ಚಾಚಿ ಮರದ ಹಾಗೆ ನಿಂತಳು. ಅಲ್ಲಾಡಬೇಡ. ಸುತ್ತಿಗೆ ನಿಂತಿತು.

"ಹಳೇ ಹಗ್ಗ!" ಎಂದು ಮೇಲಿನಿಂದ ಉಗ್ರಪ್ಪ ಕೂಗಿದ. "ಪುಂಡಿ ಹಗ್ಗ ಬೇಕು! ಲಾರೀದು ಬಿಚ್ಚಿ ತನ್ರೋ!"

ಲಾರಿ ಆಗ ತಾನೇ ಹೊರಟು ಎರಡು ಮಾರು ಮುಂದೆ ಬಂದಿತ್ತು. ಲಿಂಗಮ್ಮ ಹೋಗಿ ಅದರ ಮುಂದೆ ನಿಂತುಬಿಟ್ಟಳು.

"ಏನೇ ಮುದುಕಿ, ಸಾಯ್ತೀಯ?" ಎಂದ ಡ್ರೈವರು.

"ಸಾಯೋನು ಮೇಲಿದಾನೆ. ಇಳಿಯೋ ಕೆಳಗೆ!"

ಚನ್ನಕೇಶವ ಓಡಿ ಬಂದ. "ಹೊರೆ ಬಿಚ್ಬೇಡಿ! ಕಲ್ಲೆಲ್ಲ ಉರುಳೋಗುತ್ತೆ! ರಾಜಾಜಿನಗರದಲ್ಲಿ ಇಂಜಿನಿಯರು ಕಾಯ್ತಿದಾರೆ! ಹೊಸ ಹಗ್ಗಕ್ಕೆ ಏನಾಗುತ್ತೆ, ಹೆದರ್ಕೊಂಡು ಸಾಯ್ತಾನೆ ಅವನು..."

ಲಿಂಗಮ್ಮ ಹುಲ್ಲಿಗೆಂದು ಸೊಂಟದಲ್ಲಿ ಸಿಕ್ಕಿಸಿಕೊಂಡು ಬರುತ್ತಿದ್ದ ಕುಡುಗೋಲು ತೆಗೆದು ಹಗ್ಗಕ್ಕೆ ಹಾಕಿದಳು. ಒಂದು ಕಡೆ ಕೊಯ್ದು, ಇನ್ನೊಂದು ಕಡೆ ಕೊಯ್ದಳು. ಹೊರೆ ಗಡಗಡ ಎಂದು ಬದಿಗೆ ಸರಿದು ಆರೇಳು ಕಲ್ಲು ದಾರಿಗೆ ಉರುಳಿದವು. ಚನ್ನಕೇಶವ ಹಾರಿ ಹಿಂದಕ್ಕೆ ಹೋದ. ಆ ಕಲ್ಲಿಗೆ ಅವನು ಕೊಟ್ಟ ಕಾಳಜಿಯ ಕಾಲು ಭಾಗವನ್ನು ಮೂರು ತಿಂಗಳ ಹಿಂದೆ ಹಗ್ಗಕ್ಕೆ ಕೊಟ್ಟಿದ್ದರೆ ಇವೊತ್ತು ಯಾರೂ ಓಡಬೇಕಿರಲಿಲ್ಲ.

ಕೈಗೆ ಸಿಕ್ಕಿದ ಎರಡು ತುಂಡು ಹಿಡಿದುಕೊಂಡು ಚಿಕ್ಕಲಕ್ಷ್ಮಮ್ಮ ಬಂಡೆಯ ಪಕ್ಕದ ದಾರಿ ಹತ್ತಿದಳು. ಹಿಂದೆ ಲಾರಿಯ ನಾಲ್ಕು ಆಳುಗಳು. ದಾರಿ ಸುತ್ತು. ಅವಳು ಸುತ್ತಲಿಲ್ಲ, ಆಡಿನ ಹಾಗೆ ನೆಟ್ಟಗೆ, ಮೊಣಕಾಲು ತರಚಿಕೊಂಡು ಹತ್ತಿದಳು.

ಅವಳು ಮೇಲೆ ಬರುವಾಗ ಬಾಲ ಅರ್ಧ ಬೆರಳು ಉಳಿದಿತ್ತು. ಟವೆಲು ಒಂದು ಕಡೆ ಪೂರ್ತಿ ಹರಿದಿತ್ತು. ಉಗ್ರಪ್ಪನ ಮುಖ ಕಪ್ಪಗಾಗಿತ್ತು.

"ನೀನು ಹಾಕು" ಎಂದ. "ನಾನು ಕೈ ಬಿಡೋ ಹಾಗಿಲ್ಲ."

"ನಂಗೆ ಬರಲ್ಲ ಅಣ್ಣ."

"ಹೇಳ್ತೀನಿ. ಎರಡೂ ತುಂಡು ಜೋಡಿಸ್ಕೋ. ಬಿಳೀ ಹಗ್ಗದ ಮೇಲೆ ಸುತ್ತು. ಟವೆಲಿಂದ ಆಚೆ, ಅಂಚಿನ ಕಡೆ. ಅಲ್ಲಿ ನೀರು ಬಿದ್ದಿಲ್ಲ, ಒಣಗಿದೆ. ಜಡೆ ಸುತ್ತೋ ಹಾಗೆ ಸುತ್ತು. ಪಕ್ಕ ಪಕ್ಕ. ಒಂದ್ರ ಮೇಲೊಂದು ಹತ್ಬಾರ್ದು. ನಾಲ್ಕು. ಇನ್ನೊಂದು. ಈಗ ತುದೀನ ಮೊದಲನೇ ಸುತ್ತಿನ ಅಡೀಲಿ ತೂರ್ಸು. ಎಳಿ. ಹಲ್ಲಲ್ಲಿ ಕಚ್ಚಿ ಎಳಿ."

ಜಿಗಣೆಗಂಟು ಅದು. ಭಾರದ ಕಲ್ಲು ಎಳೆಯುವಾಗ, ಆಳುಗಳು ಕೈ ಬದಲಿಸುವಷ್ಟು ಹೊತ್ತು ದೊಡ್ಡ ಹಗ್ಗವನ್ನು ಕಚ್ಚಿ ಹಿಡಿಯಲು ಹಾಕುವುದು. ಎಳೆದಷ್ಟೂ ಕಚ್ಚುತ್ತದೆ. ಮನುಷ್ಯನಿಗೆ ಯಾರೂ ಹಾಕಿರಲಿಲ್ಲ. ಚಿಕ್ಕಲಕ್ಷ್ಮಮ್ಮ ಇನ್ನೊಂದು ತುದಿಯನ್ನು ಪಕ್ಕದಲ್ಲೇ ಜಡಿದಿದ್ದ ಇನ್ನೊಂದು ಗೂಟಕ್ಕೆ ಸುತ್ತಿದಳು. ಅದನ್ನು ಬಿಗಿಯುವಷ್ಟರಲ್ಲಿ ಆಳುಗಳೂ ಬಂದು ಕೈ ಹಾಕಿದರು.

ಅದೇ ಹೊತ್ತಿಗೆ ಕೊರಳುಗಂಟಿನ ಬಾಲ ಕುಣಿಕೆಯೊಳಗೆ ಮುಳುಗಿತು. ಸದ್ದೇ ಆಗಲಿಲ್ಲ. ಗಂಟು ಎಂಬುದು ಇರಲೇ ಇಲ್ಲವೇನೋ ಎಂಬಂತೆ ಬಿಳಿ ಹಗ್ಗ ಗೂಟದಿಂದ ನುಣ್ಣಗೆ ಬಿಡಿಸಿಕೊಂಡಿತು. ಟವೆಲು ಉಗ್ರಪ್ಪನ ಮುಷ್ಟಿಯಲ್ಲಿ ಎರಡಾಗಿ ಹರಿಯಿತು. ಹಗ್ಗ ಅಂಚಿನ ಕಡೆ ಒಂದು ಗೇಣು ನುಗ್ಗಿತು. ಪುಂಡಿಯ ಸುತ್ತುಗಳು ಕಿರ್ರೆಂದು ಒಂದಕ್ಕೊಂದು ಒತ್ತಿಕೊಂಡವು.

ಹಿಡಿಯಿತು.

ಕೆಳಗಿನಿಂದ ನಂಜುಂಡನ ಸಣ್ಣ ದನಿ ಬಂತು. "ಭಾವ? ಏನದು?"

 ನಾಲ್ವರು ಹಗ್ಗಕ್ಕೆ ಕೈಕೊಟ್ಟು ಎಳೆದರು. ಎಳೆದಷ್ಟಕ್ಕೂ ಚಿಕ್ಕಲಕ್ಷ್ಮಮ್ಮ ಜಿಗಣೆಗಂಟನ್ನು ಮುಂದಕ್ಕೆ ನೂಕುತ್ತಾ ಹೋದಳು. ಸ್ವಲ್ಪ ಹೊತ್ತಿಗೆ ಅಂಚಿನಲ್ಲಿ ನಂಜುಂಡನ ಕೈ ಕಂಡಿತು, ಆಮೇಲೆ ಕಲ್ಲುಪುಡಿ ಮೆತ್ತಿದ ತಲೆ. ಮೇಲೆ ಬಂದವನು ಬರಿದಾದ ಗೂಟ ನೋಡಿದ, ಹರಿದ ಟವೆಲು ನೋಡಿದ, ಅಲ್ಲೇ ಕುಸಿದು ಕುಳಿತ. ನಗುಮುಖದ ಆಸಾಮಿಗೆ ಆಗ ನಗು ಬರಲಿಲ್ಲ.

ಚನ್ನಕೇಶವ ಏದುಸಿರು ಬಿಡುತ್ತಾ ಮೇಲೆ ಬಂದವನು ಮೊದಲು ನೋಡಿದ್ದು ಹಗ್ಗವನ್ನು. ಕೈಯಾಡಿಸಿ ಉದ್ದಕ್ಕೂ ನೋಡಿದ.

"ಒಂದೆಳೆ ಕಿತ್ತಿಲ್ಲ. ನೋಡಿ, ಎಲ್ರೂ ನೋಡಿ. ಹಗ್ಗ ಬಂಗಾರದಂಗಿದೆ. ತಪ್ಪು ಇವನ ಕೈದು. ಲಾರಿ ಹೊರೆ ಕೆಡಿಸಿದ್ದಕ್ಕೆ ಸಾಹೇಬ್ರಿಗೆ ನೀನೇ ಜವಾಬು ಹೇಳು ಉಗ್ರಪ್ಪ."

ಉಗ್ರಪ್ಪ ಅಂಗೈ ನೋಡಿಕೊಂಡ. ಚರ್ಮ ಸುಲಿದಿತ್ತು. ಸುಳ್ಳು ಹೇಳುವುದಕ್ಕೂ ಒಂದಿಷ್ಟು ಶಕ್ತಿ ಬೇಕು. ಅದು ಅವನಲ್ಲಿ ಇರಲಿಲ್ಲ.

"ನಂದೇ ತಪ್ಪು" ಎಂದ. ಮೇಸ್ತ್ರಿಗೆ ಹೇಳಲಿಲ್ಲ, ತಂಗಿಗೆ ಹೇಳಿದ. "ಈ ಹಗ್ಗ ನೀರು ಕುಡಿಯಲ್ಲ. ಒದ್ದೆ ಆದ್ರೆ ಜಾರುತ್ತೆ. ಬೆಳಿಗ್ಗೆ ನೀರು ಹಾಕಿದ್ದು ಗೊತ್ತಿಲ್ದೆ. ಎರಡನೇ ಸಲ ಜಾರ್ತಿರೋದು ಕಣ್ಣಾರೆ ನೋಡಿ ಹಾಕ್ದೆ."

"ಕಣ್ಣಾರೆ ನೋಡಿ?" ಎಂದಳು ಚಿಕ್ಕಲಕ್ಷ್ಮಮ್ಮ. "ಆಗ್ಲೇ ಯಾಕೆ ಕೂಗ್ಲಿಲ್ಲ?"

"ನಾಚ್ಕೆ ಆಯ್ತು."

ಅವಳು ಅವನನ್ನೇ ನೋಡಿದಳು. ಮೊಣಕಾಲಿನ ರಕ್ತ ಹಿಮ್ಮಡಿಯವರೆಗೆ ಇಳಿದಿತ್ತು. "ನಿನ್ನ ನಾಚ್ಕೆ ಮುಂದೆ ನನ್ ತಾಳಿ ಬೆಲೆ ಒಂದು ಚೊಂಬು ನೀರಾಯ್ತಾ ಅಣ್ಣ?"

 ಅವಳು ಗಂಡನ ಪಕ್ಕ ಹೋಗಿ ಕುಳಿತು, ಅವನ ತಲೆಯ ಪುಡಿ ಕೊಡವತೊಡಗಿದಳು.

"ಆಯ್ತಲ್ಲ, ಮಾತಾಡಿದ್ದು" ಎಂದ ಚನ್ನಕೇಶವ. "ನೀರು ಹಾಕ್ಬೇಡ ಅಷ್ಟೆ. ನಾಲ್ಕೂವರೆ ಕುಳಿ ಇದೆ. ಇಳಿ ನಂಜುಂಡ."

"ಇವೊತ್ತು ಯಾರೂ ಇಳಿಯಲ್ಲ" ಎಂದ ಉಗ್ರಪ್ಪ. "ಶೆಡ್ಡಲ್ಲಿರೋ ಸುರುಳಿ ಪೂರ್ತಿ ಬೇಕು. ನಾಲ್ಕು ಬೆರಳು ಬಾಲ ಇದಕ್ಕೆ ಸಾಲಲ್ಲ. ಒಂದು ಮಾರು ಬೇಕು. ಮೊದ್ಲು ಈ ಹಗ್ಗ ನಾನು ಕಲೀಬೇಕು."

"ನೀನು ಕಲಿಯೋವರ್ಗೂ ಬಂಡೆ ಕಾಯ್ತಾ ಕೂರುತ್ತಾ? ಕೆಂಗೇರಿಯಿಂದ ಬೇರೆಯವ್ರನ್ನ ಕರೆಸ್ತೀನಿ."

"ಕರೆಸಿ. ಬಂದವ್ರಿಗೆ ನಾನು ದಾರೀಲಿ ನಿಂತು ಈ ಗೂಟ ತೋರಿಸ್ತೀನಿ."

"ನಾವೂ ತೋರಿಸ್ತೀವಿ" ಎಂದಳು, ಆ ಹೊತ್ತಿಗೆ ಕೋಲೂರಿಕೊಂಡು ಮೇಲೆ ಬಂದಿದ್ದ ಲಿಂಗಮ್ಮ. "ಬೀಗದ ಕೈ ಕೊಡೋ. ಕೊರಳಲ್ಲಿ ಕಟ್ಕೊಂಡು ಏನು ಪೂಜೆ ಮಾಡ್ತೀಯಾ?"

ಲಾರಿಯ ಆಳುಗಳು ಜಾಗ ಬಿಟ್ಟು ಕದಲಲಿಲ್ಲ. ಚನ್ನಕೇಶವ ಅವರ ಮುಖಗಳನ್ನು ಒಂದೊಂದಾಗಿ ನೋಡಿ, ದಾರ ಬಿಚ್ಚಿ ಬೀಗದ ಕೈಯನ್ನು ಕಲ್ಲಿನ ಮೇಲೆ ಎಸೆದ. "ಹಾಳಾಗೋಗಿ" ಎಂದು ಇಳಿದು ಹೋದ.

ಮಧ್ಯಾಹ್ನವೆಲ್ಲ ಉಗ್ರಪ್ಪ ನೆತ್ತಿಯಲ್ಲೇ ಕುಳಿತ. ನಂಜುಂಡನ ತೂಕದ ಒಂದು ಕಲ್ಲಿಗೆ ಶೆಡ್ಡಿನಿಂದ ತಂದ ಹಗ್ಗ ಬಿಗಿದು, ಅಂಚಿನ ಪಕ್ಕದಲ್ಲಿದ್ದ ಆಳೆತ್ತರದ ತಗ್ಗಿನಲ್ಲಿ ಇಳಿಬಿಟ್ಟರು. ಏಟಿಗೆ ಹಗ್ಗ ಹೇಗೆ ಮಿಡಿಯುತ್ತದೆ ಎಂದು ನೋಡಬೇಕಿತ್ತು. ನಂಜುಂಡ ತಗ್ಗಿಗಿಳಿದು ಜೋತಾಡುವ ಕಲ್ಲಿಗೆ ಸುತ್ತಿಗೆಯಲ್ಲಿ ಹೊಡೆಯುತ್ತಿದ್ದ. ಅವನು ಭಾವನಿಗೆ ಒಳ್ಳೆಯದೂ ಹೇಳಿರಲಿಲ್ಲ, ಕೆಟ್ಟದ್ದೂ ಹೇಳಿರಲಿಲ್ಲ. ಸುತ್ತಿಗೆ ಎತ್ತಿಕೊಂಡಿದ್ದ, ಅಷ್ಟೆ. ಏಟು ಎಣಿಸುತ್ತಿದ್ದವಳು ಚಿಕ್ಕಲಕ್ಷ್ಮಮ್ಮ. ಉಗ್ರಪ್ಪ ಪ್ರತಿ ಗಂಟಿನ ಬಾಲಕ್ಕೂ ಇದ್ದಿಲಿನಲ್ಲಿ ಒಂದು ಗುರುತು ಎಳೆಯುತ್ತಿದ್ದ. ಗುರುತು ಸರಿದರೆ ಬಿಚ್ಚಿ ಇನ್ನೊಂದು.

ಕೊರಳುಗಂಟು ಒಣಗಿದ್ದರೂ ಎಂಬತ್ತು ಏಟಿಗೆ ಸರಿಯಿತು. ಅದರ ಬಾಲವನ್ನು ಮತ್ತೊಮ್ಮೆ ಕಟ್ಟಿದರೆ ನೂರೈವತ್ತಕ್ಕೆ. ಹೊರೆಗಂಟು ನಲವತ್ತಕ್ಕೇ ಬಿಟ್ಟಿತು. ತಾನು ಅಪ್ಪನಿಂದ ಕಲಿತದ್ದು, ಸಂತೆಯಲ್ಲಿ ನೋಡಿ ಕಲಿತದ್ದು, ಒಂದೊಂದೇ ಈ ಬಿಳಿ ಹಗ್ಗದ ಮೇಲೆ ಸೋತು ಬಿದ್ದಾಗ ಉಗ್ರಪ್ಪನಿಗೆ ಅಳು ಬರಲಿಲ್ಲ. ಎಲ್ಲಾದರೂ ಮಲಗಿಬಿಡಬೇಕು ಅನ್ನಿಸಿತು. ಮಲಗಲಿಲ್ಲ. ಏಳನೆಯ ಸಲ ಹಗ್ಗವನ್ನು ಅದರ ಮೇಲೇ ತಿರುಚಿ ಎರಡು ಕಣ್ಣು ಮಾಡಿ, ತುದಿಯನ್ನು ಗೂಟ ಸುತ್ತಿಸಿ, ಹಗ್ಗ ಬಂದ ದಾರಿಯಲ್ಲೇ, ಒಂದು ತಿರುವೂ ತಪ್ಪದೆ, ಅದರ ಪಕ್ಕಪಕ್ಕದಲ್ಲೇ ವಾಪಸು ಕಳಿಸಿದ. ದಪ್ಪನೆಯ ಜೋಡಿ ಗಂಟಾಯಿತು. ಬಾಲ ಒಂದು ಮಾರು ಬಿಟ್ಟ. ಆ ಗಂಟಿಗೆ ಅವನಲ್ಲಿ ಹೆಸರಿರಲಿಲ್ಲ.

"ಮುನ್ನೂರು" ಎಂದಳು ಚಿಕ್ಕಲಕ್ಷ್ಮಮ್ಮ.

ಉಗ್ರಪ್ಪ ಬಗ್ಗಿ ನೋಡಿದ. ಇದ್ದಿಲ ಗೀಟು ಇದ್ದಲ್ಲೇ ಇತ್ತು.

"ಈಗ ನೀರು ಹಾಕು" ಎಂದಳು. ಅಣ್ಣನ ಕಡೆ ನೋಡದೆಯೇ ಹೇಳಿದಳು. "ನಾಳೆ ಮಳೆ ಬಂದ್ರೆ?"

ಉಗ್ರಪ್ಪ ಮಡಕೆಯಲ್ಲಿ ಉಳಿದಿದ್ದ ನೀರನ್ನು ಪೂರ್ತಿ ಸುರಿದ. ನಂಜುಂಡ ಮತ್ತೆ ಹೊಡೆದ. ಬಿಸಿಲು ಇಳಿದಿತ್ತು, ಕೆಳಗೆ ಹೆಂಗಸರು ಬುಟ್ಟಿ ಜೋಡಿಸುತ್ತಿದ್ದರು, ಉರುಳಿದ ಕಲ್ಲುಗಳನ್ನು ಲಾರಿಗೆ ಮತ್ತೆ ಹೇರುವವರಿಗೆ ಚನ್ನಕೇಶವ ಬಯ್ಯುತ್ತಿದ್ದ. ಇನ್ನೂರು ಏಟಾಯಿತು. ಗೀಟು ಅಲ್ಲೇ.

"ಬಿಚ್ಚೋಕಾಗಲ್ಲ ಭಾವ ಇದು" ಎಂದ ನಂಜುಂಡ, ಗಂಟಿನ ಕಡೆ ಕತ್ತೆತ್ತಿ. ಆ ಮಧ್ಯಾಹ್ನ ಅವನು ಆಡಿದ ಮೊದಲ ಮಾತು ಅದು. "ಕಲ್ಲಾಗೋಗಿದೆ."

"ಬಿಚ್ಚೋದು ನನ್ ಕಷ್ಟ. ಇನ್ನೊಂದು ನೂರು ಹೊಡಿ."

"ಕೈ ಸೋತೋಯ್ತು."

"ಸೋಲ್ಲಿ. ಹೊಡಿ."

ನಂಜುಂಡ ಅಂಗೈಗೆ ಉಗಿದುಕೊಂಡು ಸುತ್ತಿಗೆ ಎತ್ತಿದ. ಚಿಕ್ಕಲಕ್ಷ್ಮಮ್ಮ ಎದ್ದು ಬಂದು ಗೂಟದ ಪಕ್ಕ, ಅಣ್ಣನಿಗೆ ಒಂದು ಮೊಳ ದೂರದಲ್ಲಿ ಕುಳಿತು, ಗೀಟಿನ ಮೇಲೆ ತಾನೂ ಕಣ್ಣಿಟ್ಟಳು.

"ಒಂದು" ಎಂದಳು.